ಅಕ್ಕ ಹಾಲು ಬಿಟ್ಟದ್ದು

ಅಕ್ಕ ಹಾಲು ಬಿಟ್ಟದ್ದು ಯಾವ ದಿನ ಎಂದು ನನಗೆ ಗೊತ್ತಿಲ್ಲ. ನನಗೆ ಅದು ತಿಳಿದ ದಿನ ಮಾತ್ರ ನೆನಪಿದೆ, ಅಥವಾ ನೆನಪಿದೆ ಎಂದುಕೊಂಡಿದ್ದೇನೆ. ಮೂಡುಬಿದಿರೆಯ ಅವಳ ಮನೆಯ ಅಡುಗೆಕೋಣೆಯಲ್ಲಿ ಮೂರು ಲೋಟ ಕಾಫಿ ಇಟ್ಟಿತ್ತು. ಒಂದು ಭಾವನದ್ದು, ಒಂದು ನನ್ನದು, ಇನ್ನೊಂದು ಅವಳದ್ದು. ಅವಳ ಲೋಟದಲ್ಲಿದ್ದದ್ದು ಕಪ್ಪಗಿತ್ತು.

"ಹಾಲು ಹಾಕ್ಲಿಕ್ಕೆ ಮರೆತದ್ದಾ?" ಎಂದು ಕೇಳಿದೆ.

"ಮರೆತದ್ದಲ್ಲ, ಬಿಟ್ಟದ್ದು."

ದಿನಚರಿ ಬರೆಯುವ ಅಭ್ಯಾಸ ನನಗೆ ಎಂ.ಎಸ್ಸಿ. ಓದುವಾಗ ಹಾಸ್ಟೆಲಿನಲ್ಲಿ ಹತ್ತಿದ್ದು. ಈಗ ಉಜಿರೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ, ಬರೆಯುವುದನ್ನು ನಿಲ್ಲಿಸಿಲ್ಲ. ಆದರೆ ಆ ದಿನದ ಪುಟದಲ್ಲಿ ಇರುವುದು ಇಷ್ಟೇ: ಮೂಡುಬಿದಿರೆಗೆ ಹೋಗಿ ಬಂದೆ, ಬಸ್ಸಿನಲ್ಲಿ ರಶ್, ವಿಪರೀತ ಸೆಕೆ. ಕಪ್ಪು ಕಾಫಿಯ ಸುದ್ದಿಯೇ ಇಲ್ಲ. ಅಂದರೆ ಆ ಲೋಟ ನನ್ನ ಮಟ್ಟಿಗೆ ದೊಡ್ಡದಾದದ್ದು ಆಮೇಲೆ. ಇನ್ನೊಂದು ಮಾತು. ನಾವು ಮನೆಯಲ್ಲಿ ಆಡುವುದು ತುಳು. ಇಲ್ಲಿ ಅಕ್ಕನ ಬಾಯಲ್ಲಿ ನಾನು ಇಡುವ ಕನ್ನಡ ನನ್ನದು. ಅವಳು ಹೇಳಿದ್ದು ಇದಕ್ಕಿಂತ ಚುರುಕಾಗಿಯೇ ಇದ್ದಿರಬೇಕು.

ನಾವು ಜೈನರು. ನಮ್ಮ ಮನೆಗಳಲ್ಲಿ ಒಂದು ವಸ್ತುವನ್ನು ಬಿಟ್ಟೆ ಎಂದರೆ ಅದು ಪಥ್ಯವಲ್ಲ, ನಿಯಮ. ಬಸದಿಯಲ್ಲಿ ದೇವರೆದುರು ನಿಂತು ಮನಸ್ಸಿನಲ್ಲಿ ಹೇಳಿಕೊಂಡರೂ ಸಾಕು. ಗೆಡ್ಡೆ ಗೆಣಸು, ನೀರುಳ್ಳಿ, ಬೆಳ್ಳುಳ್ಳಿ, ಜೇನು ನಮಗೆ ಹೇಗೂ ಇಲ್ಲ. ಹೊತ್ತು ಮುಳುಗಿದ ಮೇಲೆ ಊಟವೂ ಇಲ್ಲ. ಅದರ ಮೇಲೆ ಪ್ರತಿಯೊಬ್ಬರೂ ತಮ್ಮದೇ ಆದ ಒಂದೆರಡನ್ನು ಬಿಡುತ್ತಾರೆ. ಕೆಲವರು ಚಾತುರ್ಮಾಸಕ್ಕೆ ಬಿಡುತ್ತಾರೆ, ಕೆಲವರು ಇಡೀ ಜನ್ಮಕ್ಕೆ. ನಮ್ಮ ಅಜ್ಜಿ ಹಲಸಿನ ಹಣ್ಣನ್ನು ಬಿಟ್ಟಿದ್ದರು, ಅದು ತನಗೆ ಪ್ರಾಣ ಎಂಬ ಕಾರಣಕ್ಕೇ. ಹಾಗೆ ಜನ್ಮಕ್ಕೆಂದು ಬಿಟ್ಟದ್ದನ್ನು ತಿರುಗಿ ಮುಟ್ಟಿದವರನ್ನು ನಾನು ನಮ್ಮ ಕುಟುಂಬದಲ್ಲಿ ಕಂಡಿಲ್ಲ.

ಚಿಕ್ಕವಳಿದ್ದಾಗ ಒಂದು ಚಾತುರ್ಮಾಸಕ್ಕೆ ನಾನು ಹಾಗಲಕಾಯಿ ಬಿಡುತ್ತೇನೆ ಎಂದೆ. ಅಕ್ಕ ಬಿದ್ದು ಬಿದ್ದು ನಕ್ಕಳು. "ಅದು ಬಿಡುವುದಲ್ಲ ಮಾರಾಯ್ತಿ, ತಪ್ಪಿಸಿಕೊಳ್ಳುವುದು. ಇಷ್ಟದ್ದು ಬಿಡ್ಬೇಕು." ಅವಳು ಆ ವರ್ಷ ಬೆಲ್ಲ ಬಿಟ್ಟಳು. ಬೆಲ್ಲವೋ ಬಾಳೆಹಣ್ಣೋ, ಈ ಸಂಗತಿಯನ್ನು ನಾನು ದಿನಚರಿಯಲ್ಲಿ ಒಂದು ಕಡೆ ಹಾಗೆಯೂ ಇನ್ನೊಂದು ಕಡೆ ಹೀಗೆಯೂ ಬರೆದಿದ್ದೇನೆ. ಏನನ್ನೇ ಆಗಲಿ, ಬಿಟ್ಟಳು, ಮತ್ತು ಅದರ ವಿಷಯ ಮತ್ತೆ ಮಾತನಾಡಲಿಲ್ಲ. ಬಿಡುವುದು ಅವಳಿಗೆ ಬರುತ್ತಿತ್ತು. ನನಗೆ ಬರುತ್ತಿರಲಿಲ್ಲ.

ಅವಳ ಎಡಗಡೆಯ ಮೊಲೆಯಲ್ಲಿ ಗಂಟು ಕಂಡದ್ದು, ಮಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆದದ್ದು, ಇವೆಲ್ಲ ಎಷ್ಟು ಬೇಗ ನಡೆದುಹೋದವೆಂದರೆ ಹೆದರಲು ನಮಗೆ ಪುರುಸೊತ್ತೇ ಸಿಗಲಿಲ್ಲ. ಹೆದರಿಕೆ ಶುರುವಾದದ್ದು ಇಂಜೆಕ್ಷನ್‌ಗಳ ಕಾಲದಲ್ಲಿ. ಮೂರು ವಾರಕ್ಕೊಮ್ಮೆ ಹೋಗಿ ಅರ್ಧ ದಿನ ಕುರ್ಚಿಯಲ್ಲಿ ಒರಗಿಕೊಂಡು ಮದ್ದು ಏರಿಸಿಕೊಳ್ಳಬೇಕು. ಮೊದಲನೆಯ ದಿನವೇ ಪಕ್ಕದ ಕುರ್ಚಿಯ ಹೆಂಗಸು ಅಕ್ಕನೊಂದಿಗೆ ಮಾತು ಶುರುಮಾಡಿದಳು. ಊರು, ಮನೆ, ಮಕ್ಕಳು ಎಲ್ಲ ಆಯಿತು. ಜೈನರು ಎಂದು ತಿಳಿದದ್ದೇ ಅವಳು ನಿಜವಾಗಿಯೂ ಬೆರಗಾದಳು.

"ನಿಮ್ಮವರಿಗೂ ಬರ್ತದಾ ಅಕ್ಕ ಇದು? ನೀವು ನೀರುಳ್ಳಿ ಸಹ ತಿನ್ನುದಿಲ್ಲ ಅಲ್ವಾ?"

ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ. ಅವಳ ಕೈಗೂ ಅದೇ ಸೂಜಿ ಚುಚ್ಚಿತ್ತು. ಅಕ್ಕ ನಕ್ಕು "ಬಂತಲ್ಲ" ಅಂದಳು. ಆದರೆ ಮನೆಗೆ ಹಿಂದಿರುಗುವಾಗ, ಭಾವ ಕಾರು ಓಡಿಸುತ್ತಿದ್ದಾಗ, ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕಣ್ಣು ಮುಚ್ಚಿಕೊಂಡು ಕೂತವಳು ಹೇಳಿದಳು, "ಅವಳು ಕೇಳಿದ್ದು ಸರಿ ಉಂಟಲ್ವಾ? ನಾನು ತಿಂದದ್ದು ಎಂತ?"

ಮುಂದಿನ ಸಲ ಅದನ್ನೇ ಡಾಕ್ಟರ ಹತ್ತಿರವೂ ಕೇಳಿದಳು. ಡಾಕ್ಟರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ತಾಳ್ಮೆ ಇದ್ದವರು. "ಇಂಥದ್ದು ತಿಂದದ್ದರಿಂದ ಬಂತು ಅಂತ ಒಬ್ಬರ ವಿಷಯದಲ್ಲಿ ಹೇಳಲಿಕ್ಕೆ ಆಗುವುದಿಲ್ಲ ಅಮ್ಮ. ತುಂಬಾ ಜನರನ್ನು ಒಟ್ಟಿಗೆ ನೋಡಿದರೆ ಮಾತ್ರ ಇಂಥವರಲ್ಲಿ ಸ್ವಲ್ಪ ಹೆಚ್ಚು, ಇಂಥವರಲ್ಲಿ ಸ್ವಲ್ಪ ಕಡಿಮೆ ಅಂತ ಕಾಣುತ್ತದೆ," ಎಂದರು. ಕುಡಿತ, ಅತಿಯಾದ ಮೈತೂಕ ಎಂದು ಒಂದೆರಡು ಹೆಸರಿಸಿದರು. ಅವು ಯಾವುವೂ ಅಕ್ಕನಿಗೆ ಸೇರಿದವಲ್ಲ.

"ತುಂಬಾ ಜನ ಅಂದ್ರೆ ಯಾರು?" ಹೊರಗೆ ಬಂದ ಮೇಲೆ ಅಕ್ಕ ನನ್ನನ್ನು ಹಿಡಿದಳು. "ನಾನು ಒಬ್ಬಳೇ ಅಲ್ವಾ ಇರುದು?"

ನಾನು ನನಗೆ ತಿಳಿದ ಹಾಗೆ ವಿವರಿಸಿದೆ. ಚಾರ್ಮಾಡಿ ಘಾಟಿಯಲ್ಲಿ ಮಳೆಗಾಲದಲ್ಲಿ ಕಲ್ಲು ಉರುಳುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೆ ಯಾವ ದಿನ ಯಾವ ಬಸ್ಸಿನ ಮೇಲೆ ಎಂದು ಯಾರಿಗೂ ಹೇಳಲು ಬರುವುದಿಲ್ಲ. ಬಿದ್ದ ಮೇಲೆ ಆ ಬಸ್ಸಿನವರು ಏನು ತಪ್ಪು ಮಾಡಿದರು ಎಂದು ಕೇಳಿದರೆ ಅರ್ಥವಿಲ್ಲ. ಒಳ್ಳೆಯ ಉದಾಹರಣೆ ಕೊಟ್ಟೆ ಎಂದು ನನಗೇ ಸಮಾಧಾನವಾಗಿತ್ತು.

ಅಕ್ಕ ಅಂದಳು, "ಹಾಗಾದ್ರೆ ಘಾಟಿಗೆ ಹೋಗದಿದ್ರೆ ಆಯ್ತು."

ಮೊದಲು ಸಕ್ಕರೆ ಹೋಯಿತು. ಆಮೇಲೆ ಮೈದಾ, ಬೇಕರಿ ತಿಂಡಿ, ಕರಿದದ್ದು, ಉಪ್ಪಿನಕಾಯಿ, ಹಪ್ಪಳ. ಇವುಗಳ ಬಗ್ಗೆ ನನಗೆ ತಕರಾರು ಇರಲಿಲ್ಲ, ಯಾರು ಬಿಟ್ಟರೂ ನಷ್ಟವಿಲ್ಲ ಎಂದುಕೊಂಡೆ. ಆದರೆ ಅವಳ ಮೊಬೈಲಿಗೆ ದಿನಾ ಏನಾದರೂ ಬರುತ್ತಿತ್ತು. ಕುಟುಂಬದವರ ಗ್ರೂಪಿನಿಂದ, ಬಸದಿಯ ಹೆಂಗಸರ ಗ್ರೂಪಿನಿಂದ, ಎಲ್ಲಿಯೋ ಇರುವ ಸಂಬಂಧಿಕರಿಂದ. ಎಲ್ಲರಿಗೂ ಅವಳ ಮೇಲೆ ಪ್ರೀತಿ. ಬೂಸ್ಟು ಹಿಡಿದ ನೆಲಕಡಲೆ ಒಳ್ಳೆಯದಲ್ಲ ಎಂಬುದು ನಿಜ, ಅದು ಯಕೃತ್ತಿಗೆ ಕೆಟ್ಟದ್ದು. ಅಕ್ಕ ನೆಲಕಡಲೆಯನ್ನೇ ಬಿಟ್ಟಳು. ಸೋಯಾದಲ್ಲಿ ಹಾರ್ಮೋನಿನ ಹಾಗಿನದ್ದು ಏನೋ ಇದೆ ಎಂದು ಒಂದು ಬಂತು. ಸೋಯಾ ಹೋಯಿತು. ಪೇಟೆಯ ತರಕಾರಿಗೆ ಮದ್ದು ಹೊಡೆಯುತ್ತಾರೆ ಎಂದು ಬಂತು. ಹೂಕೋಸು, ಕ್ಯಾಬೇಜು, ಟೊಮೆಟೊ ಹೋದವು. ಬೇರೆಯವರಾಗಿದ್ದರೆ ನಾಲ್ಕು ದಿನ ಬಿಟ್ಟು ಐದನೆಯ ದಿನ ಮರೆಯುತ್ತಿದ್ದರು. ಇವಳು ಓದಿದ್ದನ್ನು ಬಸದಿಗೆ ಕೊಂಡುಹೋಗುತ್ತಿದ್ದಳು. ಅಲ್ಲಿ ಕೈಮುಗಿದು ನಿಯಮ ಮಾಡಿಕೊಂಡು ಬರುತ್ತಿದ್ದಳು, ಇಡೀ ಜನ್ಮಕ್ಕೆ. ಯಾರೋ ಬೇಸರ ಕಳೆಯಲು ಮುಂದಕ್ಕೆ ಕಳುಹಿಸಿದ ನಾಲ್ಕು ಸಾಲು ನಮ್ಮ ಮನೆಯಲ್ಲಿ ವ್ರತವಾಗುತ್ತಿತ್ತು.

ಹಾಲು, ಮೊಸರು, ತುಪ್ಪ ಮೂರೂ ಒಟ್ಟಿಗೆ ಹೋದವು. ಕಪ್ಪು ಕಾಫಿಯ ದಿನ ನಾನು ರೇಗಿದೆ. "ಇದನ್ನು ಯಾರು ಹೇಳಿದ್ದು ನಿನಗೆ?"

"ನೀನೇ."

"ನಾನಾ?"

"ನೀನೇ ಅಲ್ವಾ ಹೇಳಿದ್ದು, ಹಾಲಿನ ವಿಷಯದಲ್ಲಿ ಇನ್ನೂ ಸರಿ ಗೊತ್ತಾಗಲಿಲ್ಲ, ಕೆಲವರು ಹಾಗೆ ಹೇಳ್ತಾರೆ, ಕೆಲವರು ಹೀಗೆ ಹೇಳ್ತಾರೆ ಅಂತ."

ನಾನು ಹಾಗೆ ಹೇಳಿದ ನೆನಪು ನನಗಿಲ್ಲ. ಹೇಳಿಲ್ಲ ಎಂದು ಆಣೆ ಇಡುವ ಧೈರ್ಯವೂ ಇಲ್ಲ. ಅದು ನಾನು ಹೇಳಬಹುದಾದ ಮಾತಿನ ಹಾಗೆಯೇ ಇದೆ. ಭಾವನನ್ನು ಕೇಳಿದರೆ ಅವರು ಕೈ ಎತ್ತಿದರು. "ನೀವಿಬ್ಬರೂ ಫೋನಿನಲ್ಲಿ ಮಾತಾಡುದನ್ನು ಕೇಳ್ತಾ ಕೂರ್ಲಿಕ್ಕೆ ನನಗೆ ಬೇರೆ ಕೆಲಸ ಇಲ್ವಾ?" ಎಂದರು.

ಭಾವ ಬ್ಯಾಂಕಿನಿಂದ ನಿವೃತ್ತರಾದವರು. ಸುಮ್ಮನೆ ಕೂರುವ ಜಾಯಮಾನವಲ್ಲ. ಅಕ್ಕ ಒಂದೊಂದನ್ನೇ ಬಿಡುತ್ತಾ ಹೋದಂತೆ ಅವರು ಒಂದೊಂದನ್ನೇ ತರುತ್ತಾ ಹೋದರು. ಬಂಟ್ವಾಳದಲ್ಲಿ ಒಂದು ಗಿಡಮೂಲಿಕೆಯ ಅಂಗಡಿ ಹುಡುಕಿಕೊಂಡಿದ್ದರು. ಅಲ್ಲಿಂದ ಅಮೃತಬಳ್ಳಿಯ ಪುಡಿ, ನೋನಿ ರಸ, ಅರಿಶಿನದ ಕ್ಯಾಪ್ಸೂಲು ಬಂದವು. ಒಂದು ಲೇಹ್ಯದ ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಜೇನು ಎಂದು ಇದ್ದದ್ದನ್ನು ಅಕ್ಕ ಕನ್ನಡಕ ಹಾಕಿಕೊಂಡು ಓದಿ, ಡಬ್ಬಿಯನ್ನು ತೆರೆಯದೆಯೇ ಹಿಂದಕ್ಕೆ ಕಳುಹಿಸಿದಳು. ಕ್ಯಾಪ್ಸೂಲಿನ ಸಿಪ್ಪೆಯನ್ನು ಪ್ರಾಣಿಗಳ ಎಲುಬಿನಿಂದ ಮಾಡುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಬೆಳಿಗ್ಗೆ ಸ್ಟೀಲಿನ ತಟ್ಟೆ ಮುಂದಿಟ್ಟುಕೊಂಡು ಒಂದೊಂದೇ ಕ್ಯಾಪ್ಸೂಲನ್ನು ತಿರುಪಿ ಬಿಡಿಸಿ, ಹಳದಿ ಪುಡಿಯನ್ನು ತಟ್ಟೆಗೆ ಉದುರಿಸಿ, ಸಿಪ್ಪೆಗಳನ್ನು ಕಾಗದದಲ್ಲಿ ಕಟ್ಟಿ ಹೊರಗೆ ಹಾಕಿ, ಕೈ ತೊಳೆದು ಬರುತ್ತಿದ್ದಳು. ಕ್ಯಾಪ್ಸೂಲಿನ ಬೆಲೆಗೆ ಅರಿಶಿನವನ್ನು ಮೂಟೆಯಲ್ಲೇ ತರಬಹುದಿತ್ತು ಎಂದು ನಾನು ಹೇಳಿದೆ. "ಅದು ಸಾರಿಗೆ ಹಾಕುವ ಅರಿಶಿನ, ಇದು ಮದ್ದಿನದ್ದು," ಎಂದರು ಭಾವ, ಗಂಭೀರವಾಗಿ.

ಪುಂಜಾಲಕಟ್ಟೆಯ ಹತ್ತಿರ ಒಂದು ಮನೆಯಲ್ಲಿ ಮುಳ್ಳು ರಾಮಫಲದ ಮರ ಇದೆ, ಅದರ ಎಲೆಯ ಕಷಾಯ ಈ ರೋಗಕ್ಕೆ ಒಳ್ಳೆಯದು ಎಂದು ಯಾರೋ ಅವರಿಗೆ ಹೇಳಿದರು. ಒಂದು ಭಾನುವಾರ ನನ್ನನ್ನೂ ಕರೆದುಕೊಂಡು ಹೋದರು. ನಾನು ಹೋಗಬಾರದಿತ್ತೋ ಏನೋ. ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಆದದ್ದು ಮನುಷ್ಯನ ಮೈಯಲ್ಲಿ ಆಗಬೇಕೆಂದಿಲ್ಲ ಎಂದು ದಾರಿಯುದ್ದಕ್ಕೂ ಹೇಳಿದೆ. ಅವರು ಹೂಂಗುಟ್ಟುತ್ತಾ ಗೇರು ಬದಲಿಸಿದರು.

ಆ ಮನೆಯ ಹೆಂಗಸು ಅಂಗಳಕ್ಕೆ ಬಂದು, ನಾವು ಬಾಯಿ ತೆರೆಯುವ ಮೊದಲೇ, "ಎಲೆಗಾ?" ಎಂದು ಕೇಳಿದರು. ದುಡ್ಡು ತೆಗೆದುಕೊಳ್ಳುವುದಿಲ್ಲ ಎಂದೂ ಹೇಳಿದರು. ಮನೆಯ ಹಿಂದೆ ಆ ಮರ ನಿಂತಿತ್ತು. ಅಂಥ ಮರವನ್ನು ನಾನು ಬೇರೆಲ್ಲೂ ನೋಡಿಲ್ಲ. ಮನುಷ್ಯನ ಕೈ ಎಟಕುವಷ್ಟು ಎತ್ತರದವರೆಗೆ ಒಂದೇ ಒಂದು ಎಲೆ ಇರಲಿಲ್ಲ. ಬೋಳು ಕಡ್ಡಿಗಳು ಮಾತ್ರ. ಅದರ ಮೇಲೆ ಹಸಿರು.

"ಕೆಳಗಿನದ್ದೆಲ್ಲ ಆಯ್ತು. ದೋಟಿ ಕೊಡ್ತೇನೆ, ನಿಲ್ಲಿ," ಎಂದು ಆಕೆ ಕೊಕ್ಕೆ ಕಟ್ಟಿದ ಉದ್ದ ಕೋಲು ತಂದುಕೊಟ್ಟರು.

ಭಾವ ಕತ್ತೆತ್ತಿ ಎಲೆ ಇಳಿಸುತ್ತಿರುವಾಗ ನಾನು ಮೆಲ್ಲಗೆ ಕೇಳಿದೆ. "ಇದರಿಂದ ಯಾರಿಗಾದ್ರೂ ಗುಣ ಆದದ್ದು ಉಂಟಾ?"

"ಎಂತ ಗೊತ್ತು ಮಾರಾಯ್ರೆ. ಗುಣ ಆದವರು ಮತ್ತೆ ಬರ್ಲಿಕ್ಕಿಲ್ಲ. ಆಗದವರೂ ಬರ್ಲಿಕ್ಕಿಲ್ಲ." ಆಕೆ ಬಿದ್ದ ಎಲೆಗಳನ್ನು ಹೆಕ್ಕಿ ಚೀಲಕ್ಕೆ ತುಂಬಿಸತೊಡಗಿದರು. "ಕೇಳಿ ಬಂದವರಿಗೆ ಇಲ್ಲ ಅಂತ ಹೇಳುದು ಹೇಗೆ?"

ಬರುವಾಗ ಹಿಂದಿನ ಸೀಟಿನಲ್ಲಿ ಎಲೆಯ ಚೀಲ ಇತ್ತು. ಭಾವ ಆಗಾಗ ಕನ್ನಡಿಯಲ್ಲಿ ಅದನ್ನು ನೋಡುತ್ತಿದ್ದರು, ಮಗುವನ್ನು ಕೂರಿಸಿಕೊಂಡು ಬಂದವರ ಹಾಗೆ.

ಮುಂದಿನ ಇಂಜೆಕ್ಷನ್‌ಗೆ ಹೋದಾಗ ಡಾಕ್ಟರು ರಕ್ತಪರೀಕ್ಷೆಯ ಕಾಗದ ನೋಡಿ, ಬೇರೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದರು. ಭಾವ ಹೆಮ್ಮೆಯಿಂದಲೇ ಎಲ್ಲವನ್ನೂ ಹೇಳಿದರು. ಎಲ್ಲ ನಿಲ್ಲಿಸಿ ಎಂದರು ಡಾಕ್ಟರು. ಅಡುಗೆಗೆ ಹಾಕುವ ಅರಿಶಿನಕ್ಕೆ ಅಡ್ಡಿಯಿಲ್ಲ, ಆದರೆ ಹೀಗೆ ಗಟ್ಟಿ ಮಾಡಿ ತುಂಬಿಸಿದ್ದು, ಈ ಪುಡಿ, ಈ ಕಷಾಯ, ಇವು ಲಿವರಿಗೆ ಕಷ್ಟ ಕೊಡಬಹುದು, ಇಂಜೆಕ್ಷನ್ನಿನ ಕೆಲಸಕ್ಕೂ ಅಡ್ಡ ಬರಬಹುದು. ಭಾವನ ಮುಖ ನೋಡಲಾಗಲಿಲ್ಲ. ಅಕ್ಕ ಮಾತ್ರ ಹಗುರಾದಳು. ಅವಳು ಅದನ್ನೆಲ್ಲ ಅವರ ಸಮಾಧಾನಕ್ಕೆಂದೇ ಕುಡಿಯುತ್ತಿದ್ದಳು.

ಡಾಕ್ಟರು ಆಮೇಲೆ ತೂಕದ ಮಾತೆತ್ತಿದರು. ಅಕ್ಕ ತುಂಬ ಇಳಿದಿದ್ದಳು. ಮದ್ದಿನಿಂದ ಬಾಯಿರುಚಿ ಕೆಡುವುದು ಇದ್ದದ್ದೇ, ಆದರೆ ಇದು ಅಷ್ಟೇ ಅಲ್ಲ ಎಂದು ಅವರಿಗೆ ಅನ್ನಿಸಿರಬೇಕು. "ಹೀಗೇ ಇಳಿಯುತ್ತಾ ಹೋದರೆ ಮುಂದಿನ ಇಂಜೆಕ್ಷನ್ ಕೊಡಲಿಕ್ಕೆ ನನಗೆ ಧೈರ್ಯ ಬರುವುದಿಲ್ಲ. ಮುಂದೆ ಹಾಕಬೇಕಾಗ್ತದೆ. ಮುಂದೆ ಹಾಕುವುದು ಒಳ್ಳೆಯದಲ್ಲ. ಹಾಲು, ಮೊಸರು, ಬೇಳೆ ಚೆನ್ನಾಗಿ ತೆಗೆದುಕೊಳ್ಳಿ. ರಾತ್ರಿ ಸಹ ಏನಾದರೂ ಹೊಟ್ಟೆಗೆ ಹೋಗಲಿ."

"ಆಯ್ತು ಡಾಕ್ಟ್ರೇ," ಎಂದಳು ಅಕ್ಕ.

ಹೊರಗೆ ಬಂದ ಮೇಲೆ ಕೇಳಿದೆ. "ಆಯ್ತು ಅಂದಿಯಲ್ಲ, ಕುಡೀತೀಯಾ?"

"ಇಲ್ಲಪ್ಪ. ಪಾಪ, ಅಷ್ಟು ಹೇಳುವಾಗ ಅವರಿಗೆ ಬೇಜಾರು ಮಾಡ್ಲಿಕ್ಕೆ ಆಗ್ತದಾ?"

ಆಗ ಅವಳು ತಿನ್ನುತ್ತಿದ್ದದ್ದು ಕುಚ್ಚಲಕ್ಕಿ ಗಂಜಿ, ಸ್ವಲ್ಪ ಹೆಸರುಬೇಳೆ, ಮನೆಯ ಹಿತ್ತಿಲಿನ ತೊಂಡೆಕಾಯಿ. ಅದೂ ಹೊತ್ತು ಮುಳುಗುವುದರ ಒಳಗೆ. ಬೇಳೆಯನ್ನು ಹೆಚ್ಚು ಮಾಡಲು ಒಪ್ಪಿದಳು, ಆದರೆ ಎರಡು ತುತ್ತಿಗೇ ಅವಳಿಗೆ ವಾಕರಿಕೆ ಬರುತ್ತಿತ್ತು. ಗಂಟಲಲ್ಲಿ ಇಳಿಯುವಂಥದ್ದು ತೆಳ್ಳಗಿನದ್ದು ಮಾತ್ರ. ತೆಳ್ಳಗಿದ್ದು ಶಕ್ತಿಯೂ ಇರುವಂಥದ್ದು ಎಂದರೆ ಎಲ್ಲಿಂದ ಸುತ್ತಿ ಬಂದರೂ ಹಾಲಿಗೇ ಬರಬೇಕು.

ನಾನೂ ಭಾವನೂ ಬಸದಿಯ ಇಂದ್ರರಲ್ಲಿಗೆ ಹೋದೆವು. ನಮ್ಮಲ್ಲಿ ಪೂಜೆ ಮಾಡುವ ಪುರೋಹಿತರಿಗೆ ಇಂದ್ರರು ಎನ್ನುತ್ತಾರೆ. ವಯಸ್ಸಾದವರು, ಅಕ್ಕನನ್ನು ಚಿಕ್ಕಂದಿನಿಂದ ಬಲ್ಲವರು. ಎಲ್ಲ ಕೇಳಿಸಿಕೊಂಡರು. "ಮದ್ದು ಅಂತ ತೆಗೆದುಕೊಂಡರೆ ದೋಷ ಇಲ್ಲ. ಶರೀರ ಇದ್ದರೆ ತಾನೇ ವ್ರತ? ಗುಣ ಆದ ಮೇಲೆ ಪ್ರಾಯಶ್ಚಿತ್ತ ಮಾಡಿಸುವ, ಅದಕ್ಕೆ ಕ್ರಮ ಉಂಟು. ರಾತ್ರಿಯದ್ದಕ್ಕೂ ಹಾಗೇ. ನಾನು ಹೇಳಿದೆ ಅಂತ ಹೇಳಿ," ಎಂದರು. ಇಷ್ಟು ಸುಲಭವೇ ಎಂದು ನನಗೆ ನಾಚಿಕೆಯಾಗುವಷ್ಟು ಸಂತೋಷವಾಯಿತು. ಭಾವ ಬರುವಾಗ ದಾರಿಯಲ್ಲೇ ಹಾಲಿನ ಪ್ಯಾಕೆಟು ತೆಗೆದುಕೊಂಡರು.

ಅಕ್ಕ ಜಗಲಿಯಲ್ಲಿ ತಲೆಗೆ ಬೈರಾಸು ವಸ್ತ್ರ ಸುತ್ತಿಕೊಂಡು ಕೂತಿದ್ದಳು. ಕೂದಲು ಆಗಲೇ ಹೋಗಿತ್ತು. ಇಂದ್ರರು ಹೇಳಿದ್ದನ್ನು ನಾನು ಹೇಳಿದೆ. ಅವಳು ನಮ್ಮಿಬ್ಬರನ್ನೂ ನೋಡಿದಳು, ಮಕ್ಕಳು ಕಷ್ಟಪಟ್ಟು ಏನನ್ನೋ ಮಾಡಿಕೊಂಡು ಬಂದಾಗ ನೋಡುವ ಹಾಗೆ.

"ಅವರ ಹತ್ರ ಯಾಕೆ ಹೋದದ್ದು ನೀವು? ದೇವರಿಗೆ ಹೆದರಿ ಬಿಟ್ಟದ್ದಾ ನಾನು?"

"ಮತ್ತೆ?"

"ನಾಳೆ ಇದು ತಿರುಗಿ ಬಂದ್ರೆ? ಆಗ ನಾನು ಯಾರನ್ನು ಕೇಳುದು, ಆ ಹಾಲಿನಿಂದ ಬಂತಾ ಅಂತ? ಇಂದ್ರರಲ್ಲಿ ಅದಕ್ಕೆ ಕ್ರಮ ಉಂಟಾ?"

ಭಾವ ಪ್ಯಾಕೆಟು ಹಿಡಿದುಕೊಂಡೇ ಒಳಗೆ ಹೋದರು. ಫ್ರಿಜ್ಜಿನ ಬಾಗಿಲು ತೆರೆದು ಮುಚ್ಚಿದ ಸದ್ದು ಕೇಳಿಸಿತು.

ಅಷ್ಟು ದಿನ ನಾನು ಅವಳನ್ನು ತಪ್ಪು ತಿಳಿದುಕೊಂಡಿದ್ದೆ. ಅವಳು ಮೂಢನಂಬಿಕೆಯಿಂದ ಬಿಟ್ಟವಳಲ್ಲ. ಮೈಯೊಳಗೆ ನಡೆಯುವ ಯಾವುದೂ ಅವಳ ಕೈಯಲ್ಲಿ ಇರಲಿಲ್ಲ, ಡಾಕ್ಟರ ಕೈಯಲ್ಲೂ ಪೂರ್ತಿ ಇರಲಿಲ್ಲ. ಬಾಯಿಗೆ ಹೋಗುವುದೊಂದು ಅವಳ ಕೈಯಲ್ಲಿ ಇತ್ತು. ಅದನ್ನು ಬಿಟ್ಟುಕೊಡು ಎಂದು ನಾವು ಕೇಳುತ್ತಿದ್ದೆವು. ಇದು ಅವಳ ಮನಸ್ಸಿನಲ್ಲಿ ಇದ್ದದ್ದೋ, ನಾನು ಈಗ ಕೂತು ಅವಳಿಗೆ ಹಚ್ಚುತ್ತಿರುವುದೋ, ಖಾತ್ರಿಯಿಲ್ಲ. ಅವಳು ಅಂದದ್ದು ಮಾತ್ರ ಮೇಲೆ ಬರೆದಷ್ಟು.

ಕಾಲೇಜಿನಲ್ಲಿ ಬಿಡುವಾದಾಗ ನಾನು ಹಾಲಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಹಾಲಿನಿಂದ ಈ ರೋಗ ಬರುತ್ತದೆ ಎನ್ನಲು ಗಟ್ಟಿ ಆಧಾರ ಕಾಣಲಿಲ್ಲ. ಆದರೆ ಪ್ರತಿಯೊಂದು ಬರಹದ ಕೊನೆಯಲ್ಲೂ ಅದೇ ಮಾತು: ಇನ್ನೂ ಅಧ್ಯಯನವಾಗಬೇಕು, ಖಚಿತವಾಗಿ ಹೇಳಲಾಗದು. ಆ ಸಾಲುಗಳ ಬೆಲೆ ನನಗೆ ಗೊತ್ತು. ವಿದ್ಯಾರ್ಥಿಗಳಿಗೆ ನಾನು ಕಲಿಸುವುದೇ ಅದನ್ನು. ತಿಳಿದಷ್ಟನ್ನೇ ಹೇಳು, ಒಂದು ಕೂದಲೆಳೆಯಷ್ಟೂ ಹೆಚ್ಚು ಹೇಳಬೇಡ.

ಇಂಜೆಕ್ಷನ್‌ಗೆ ಒಂದು ವಾರವಿದ್ದಾಗ ರಜೆ ಹಾಕಿ ಮೂಡುಬಿದಿರೆಯಲ್ಲೇ ಉಳಿದೆ. ಬೆಳಿಗ್ಗೆ ಭಾವ ಹಾಲು ಕಾಯಿಸಿ, ಆರಿಸಿ, ಲೋಟದಲ್ಲಿ ತಂದು ಅವಳ ಮುಂದೆ ಇಟ್ಟು ಪಕ್ಕದಲ್ಲೇ ನಿಂತರು. ನಾನು ಓದಿದ್ದನ್ನು ಸಾಧ್ಯವಾದಷ್ಟು ಸರಳವಾಗಿ ಹೇಳತೊಡಗಿದೆ. ಅಕ್ಕ ಅರ್ಧದಲ್ಲಿ ಕೈಯೆತ್ತಿ ತಡೆದಳು.

"ಅದೆಲ್ಲ ನಿನ್ನ ಕ್ಲಾಸಿಗಾಯ್ತು. ನನಗೆ ಒಂದು ಮಾತು ಹೇಳು. ಇದು ಕುಡಿದ್ರೆ ತಿರುಗಿ ಬರುದಿಲ್ಲ ಅಂತ ಹೇಳು. ಹೇಳಿದ್ರೆ ಈಗಲೇ ಕುಡೀತೇನೆ."

"ಇದರಿಂದ ಬರ್ತದೆ ಅನ್ನುವುದಕ್ಕೆ ಆಧಾರ ಇಲ್ಲ ಅಕ್ಕ."

"ನಾನು ಕೇಳಿದ್ದು ಅದಲ್ಲ."

"ಬರುವ ಸಾಧ್ಯತೆ ಇದ್ದರೂ ಅದಕ್ಕೂ ಈ ಹಾಲಿಗೂ..."

"ನೋಡಿ, ಪುನಃ ಶುರು ಮಾಡಿದಳು," ಎಂದಳು ಭಾವನ ಕಡೆ ತಿರುಗಿ. "ಇವಳನ್ನು ಅಷ್ಟು ಓದಿಸಿದ್ದು ದಂಡ. ಒಂದು ಹೌದು, ಒಂದು ಇಲ್ಲ, ಹೇಳ್ಲಿಕ್ಕೆ ಬರುದಿಲ್ಲ."

ಭಾವ ನಗಲಿಲ್ಲ. ಅವರು ನನ್ನನ್ನೇ ನೋಡುತ್ತಿದ್ದರು. ಅವರ ಕಣ್ಣಿನಲ್ಲಿ ಇದ್ದದ್ದು ಬೇಡಿಕೆಯೋ ಸಿಟ್ಟೋ ನನಗೆ ತಿಳಿಯಲಿಲ್ಲ. ಲೋಟದ ಮೇಲೆ ಕೆನೆ ಕಟ್ಟುತ್ತಿತ್ತು.

"ಬರುವುದಿಲ್ಲ," ಎಂದೆ.

ನಾನು ಅದನ್ನು ಗಟ್ಟಿಯಾಗಿ, ನೇರವಾಗಿ ಹೇಳಿದೆ ಎಂದು ನನ್ನ ನೆನಪು. ತಮಗೆ ಅದು ಕೇಳಿಸಿದ್ದೇ ಕಷ್ಟದಲ್ಲಿ ಎಂದು ಭಾವ ಆಮೇಲೆ ಹೇಳಿದರು. ಅಕ್ಕನಿಗಂತೂ ಕೇಳಿಸಿತು. ಅವಳು ನನ್ನ ಮುಖವನ್ನು ತುಂಬಾ ಹೊತ್ತು ನೋಡಿದಳು. ಸುಳ್ಳು ಎಂದು ಅವಳಿಗೆ ಗೊತ್ತಾಯಿತು. ಅಥವಾ ಸುಳ್ಳೂ ಅಲ್ಲ, ನಿಜವೂ ಅಲ್ಲ, ನನಗೆ ಹೇಳುವ ಅಧಿಕಾರವಿಲ್ಲದ್ದನ್ನು ಹೇಳಿದ್ದೇನೆ ಎಂದು ಗೊತ್ತಾಯಿತು. ಗೊತ್ತಾಗಿಯೂ ಲೋಟ ಎತ್ತಿದಳು. ಒಂದು ಕಾಲದಲ್ಲಿ ಕೆನೆಗಾಗಿ ನನ್ನೊಡನೆ ಜಗಳವಾಡಿದವಳು ಮೂಗು ಹಿಡಿದುಕೊಂಡು, ಮದ್ದು ಕುಡಿದ ಹಾಗೆ ಕುಡಿದಳು. ಅರ್ಧ ಆದ ಮೇಲೆ ಕೆಳಗಿಟ್ಟು ಬಾಯಿ ಒರೆಸಿಕೊಂಡಳು.

"ಹಾಗಾದ್ರೆ ಇದು ಇನ್ನು ನಿನ್ನ ಮೇಲೆ," ಎಂದಳು. ಹಗುರವಾಗಿಯೇ ಹೇಳಿದಳು, ಮನೆಯ ಬೀಗದ ಕೈ ಕೊಟ್ಟು ಹೊರಗೆ ಹೋಗುವವರ ಹಾಗೆ.

ಆ ವಾರ ಅವಳು ದಿನಾ ಕುಡಿದಳು. ಮೊಸರನ್ನು ಗಂಜಿಗೆ ಕಲಸಿಕೊಂಡಳು. ಹೊತ್ತು ಮುಳುಗಿದ ಮೇಲಿನದ್ದಕ್ಕೆ ಮಾತ್ರ ಒಪ್ಪಲಿಲ್ಲ, ನಾವು ಒತ್ತಾಯಿಸಲೂ ಇಲ್ಲ. ಆಸ್ಪತ್ರೆಯಲ್ಲಿ ತೂಕ ಏರಿರಲಿಲ್ಲ, ಆದರೆ ಇಳಿದಿರಲೂ ಇಲ್ಲ. ಅಷ್ಟು ಸಾಕು ಎಂದು ಡಾಕ್ಟರು ಇಂಜೆಕ್ಷನ್ ಕೊಟ್ಟರು. ಭಾವ ಕಾರಿಡಾರಿನಲ್ಲಿ ನನ್ನ ತಲೆಯ ಮೇಲೆ ಒಮ್ಮೆ ಕೈಯಿಟ್ಟು ತೆಗೆದರು. ಅವರು ಹಾಗೆಲ್ಲ ಮಾಡುವವರಲ್ಲ.

ನಾನು ಉಜಿರೆಗೆ ವಾಪಸು ಬಂದ ಮರುದಿನ, ಬೆಳಿಗ್ಗೆ ಕಾಲೇಜಿಗೆ ಹೊರಡುವಾಗ ಅಕ್ಕನ ಫೋನು ಬಂತು.

"ಲೋಟ ಮುಂದೆ ಉಂಟು. ಹೇಳು."

"ಎಂತ ಹೇಳುದು?"

"ಅದೇ."

ಹೇಳಿದೆ. ಅವಳು ಫೋನು ಇಡದೆಯೇ ಕುಡಿದಳು. ನುಂಗುವ ಸದ್ದು ನನಗೆ ಕೇಳಿಸುತ್ತಿತ್ತು. ಮರುದಿನವೂ ಫೋನು ಬಂತು. ಆಮೇಲೆ ಅದು ನಿತ್ಯದ್ದಾಯಿತು. ಬಾಡಿಗೆ ಮನೆಯ ಮೆಟ್ಟಿಲಲ್ಲಿ, ಧರ್ಮಸ್ಥಳದ ಬಸ್ಸುಗಳ ಗಲಾಟೆಯ ನಡುವೆ ರಸ್ತೆ ಬದಿಯಲ್ಲಿ, ಸ್ಟಾಫ್ ರೂಮಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದ್ದೇನೆ. "ಬರುವುದಿಲ್ಲ ಅಕ್ಕ." ಒಂದು ದಿನ ಪಕ್ಕದ ಮೇಜಿನ ಸಹೋದ್ಯೋಗಿ, ದಿನಾ ಯಾರು ನಿಮ್ಮನ್ನು ಕರೆಯುವುದು, ಒಮ್ಮೆಯಾದರೂ ಹೋಗಿ ಬನ್ನಿ ಮಾರಾಯ್ರೆ ಎಂದು ತಮಾಷೆ ಮಾಡಿದರು. ನಾನೂ ನಕ್ಕೆ. ಎಷ್ಟು ಸಲ ಹೇಳಿದರೂ ಆ ಮಾತು ನನಗೆ ರೂಢಿಯಾಗಲಿಲ್ಲ. ಹೇಳುವ ಮೊದಲು ಪ್ರತಿ ಸಲವೂ ಒಂದು 'ಬಹುಶಃ' ನಾಲಿಗೆಯ ತುದಿಯವರೆಗೆ ಬರುತ್ತದೆ. ಅದನ್ನು ನುಂಗಬೇಕು. ಆ ಕಡೆ ಅವಳು ಹಾಲು ನುಂಗುತ್ತಾಳೆ.

ಇವತ್ತು ಪರೀಕ್ಷೆಯ ಮೇಲ್ವಿಚಾರಣೆ ಇತ್ತು. ಹೊರಡುವ ಗಡಿಬಿಡಿಯಲ್ಲಿ ಅವಳ ಫೋನು ಇನ್ನೂ ಬಂದಿಲ್ಲ ಎಂಬುದು ಹೊಳೆಯಲಿಲ್ಲ. ಮೊಬೈಲನ್ನು ಕಚೇರಿಯಲ್ಲಿ ಒಪ್ಪಿಸಿ ಕೊಠಡಿಗೆ ಹೋಗಬೇಕು, ಹಾಗೆ ಕೊಟ್ಟು ಹೋದೆ. ಹೊರಗೆ ಬಂದು ನೋಡಿದರೆ ಅವಳು ಕರೆದದ್ದು, ಮತ್ತೆ ಕರೆದದ್ದು ಕಾಣಿಸುತ್ತಿತ್ತು. ಕಾರಿಡಾರಿನಲ್ಲಿ ನಿಂತೇ ಫೋನು ಮಾಡಿದೆ.

"ಹಾಲು ಕುಡಿದಿಯಾ?"

"ಇವರು ಕಾಫಿಗೆ ಹಾಕಿ ಕುಡಿದ್ರು. ಚೆಲ್ಲುದು ಯಾಕೆ ಅಂತ."

"ನೀನು?"

"ನೀನು ಹೇಳ್ಲಿಲ್ಲ ಅಲ್ವಾ."

"ನಿನ್ನೆ ಹೇಳಿದ್ದೆನಲ್ಲ ಅಕ್ಕ. ಮೊನ್ನೆಯೂ ಹೇಳಿದ್ದೆ."

"ಅದು ನಿನ್ನೆಯ ಹಾಲಿಗೆ."

ಪರೀಕ್ಷೆ ಮುಗಿಸಿದ ಮಕ್ಕಳು ಪ್ರಶ್ನೆಪತ್ರಿಕೆ ಬೀಸುತ್ತಾ, ಒಂದು ಅಂಕದ ಉತ್ತರಗಳನ್ನು ಕೂಗಿ ಕೂಗಿ ಕೇಳಿಕೊಳ್ಳುತ್ತಾ ನನ್ನ ಪಕ್ಕದಿಂದ ಇಳಿದು ಹೋಗುತ್ತಿದ್ದರು.

"ಈಗ ಹೇಳ್ತೇನೆ. ಈಗ ಸ್ವಲ್ಪ ಕುಡಿ."

"ಈಗ ಗಂಜಿ ಆಯ್ತು. ನಾಳೆ ಹೇಳು," ಎಂದಳು. ಆಮೇಲೆ, ನಾನು ಅಳುತ್ತೇನೆ ಎಂದು ಅನುಮಾನ ಬಂತೋ ಏನೋ, "ಒಂದು ದಿನಕ್ಕೆ ಎಂತ ಆಗುದಿಲ್ಲ ಮಾರಾಯ್ತಿ," ಎಂದು ನನ್ನನ್ನೇ ಸಮಾಧಾನ ಮಾಡಿದಳು.

ಮುಂದಿನ ಇಂಜೆಕ್ಷನ್ ಬರುವ ವಾರ. ನಾಳೆಯೂ ನನಗೆ ಮೇಲ್ವಿಚಾರಣೆ ಇದೆ, ನಾಡಿದ್ದೂ ಇದೆ. ಅವಳ ಫೋನಿಗೆ ಕಾಯುವಂತಿಲ್ಲ, ನಾನೇ ಮೊದಲು ಮಾಡಬೇಕು. ಅಲ್ಲಿ ಹಾಲು ಬಂದು, ಭಾವ ಅದನ್ನು ಕಾಯಿಸಿ, ಆರಿಸಿ, ಲೋಟಕ್ಕೆ ಹೊಯ್ದು ಅವಳ ಮುಂದೆ ಇಡುವುದು ಎಷ್ಟು ಹೊತ್ತಿಗೆ ಎಂದು ಅವರನ್ನು ಕೇಳಿಟ್ಟುಕೊಂಡಿದ್ದೇನೆ. ಅದಕ್ಕಿಂತ ಮೊದಲೇ ಹೇಳಿದರೆ ಅವಳು ಒಪ್ಪುವುದಿಲ್ಲ, ಲೋಟ ಎದುರಿಗೆ ಇರಬೇಕು.